ಒಳಬರುವ ಸಂಪರ್ಕಗಳ ಸ್ವೀಕಾರ (ಸಾಕೆಟ್ ಪ್ರೋಗ್ರಾಮಿಂಗ್)

ಜಾಲದ ಮೂಲಕ ಬೇರೊಂದು ಕಂಪ್ಯೂಟರಿನಿಂದ ಬಂದ ಸಂಪರ್ಕವನ್ನು ಸರ್ವರ್ ಪ್ರೋಗ್ರಾಂ ತನ್ನ ವಶಕ್ಕೆ ತೆಗೆದುಕೊಂಡು, ಆ ಒಂದು ಕ್ಲೈಂಟ್‌ನ ಜೊತೆ ಮಾತಾಡಲೆಂದೇ ಪ್ರತ್ಯೇಕ ಸಾಕೆಟ್ ಪಡೆಯುವ ಕ್ರಿಯೆಗೆ ಸಂಪರ್ಕದ ಸ್ವೀಕಾರ ಎಂದು ಹೆಸರು. ಯುನಿಕ್ಸ್ ಪರಂಪರೆಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಇದನ್ನು ಅಕ್ಸೆಪ್ಟ್ ಎಂಬ ಸಿಸ್ಟಂ ಕಾಲ್ ಮಾಡುತ್ತದೆ. ವೆಬ್‌ಸೈಟ್, ಮಿಂಚಂಚೆ, ಬ್ಯಾಂಕ್ ವ್ಯವಹಾರ, ಆಧಾರ್ ದೃಢೀಕರಣ, ಕಾರ್ಖಾನೆಯ ಯಂತ್ರಗಳ ನಿಗಾ ಮುಂತಾಗಿ ಟಿಸಿಪಿ ಎಂಬ ಜಾಲ ನಿಯಮಾವಳಿಯನ್ನು ಬಳಸುವ ಪ್ರತಿಯೊಂದು ಸೇವೆಯೂ ಎಲ್ಲೋ ಒಂದು ಕಡೆ ಈ ಕರೆಯನ್ನು ಹಾದು ಬರುತ್ತದೆ.

ಈ ಕರೆಯ ಬಗ್ಗೆ ಮೊದಲಿಗೇ ಮನದಟ್ಟಾಗಬೇಕಾದ ಸಂಗತಿಯೊಂದಿದೆ. ಸಂಪರ್ಕವನ್ನು ಕಟ್ಟುವುದು ಅಕ್ಸೆಪ್ಟ್ ಅಲ್ಲ, ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್. ಕರ್ನಲ್ ಆಗಲೇ ಕಟ್ಟಿ ಸರದಿಯಲ್ಲಿ ಇಟ್ಟಿರುವ ಸಂಪರ್ಕಗಳಲ್ಲಿ ಒಂದನ್ನು ಅಕ್ಸೆಪ್ಟ್ ಎತ್ತಿಕೊಡುತ್ತದೆ, ಅಷ್ಟೇ. ಸರ್ವರ್‌ಗಳ ವೇಗ, ಅವು ಕೈಕೊಡುವ ಬಗೆ, ಅವುಗಳ ಮೇಲಿನ ದಾಳಿ, ಈ ಮೂರನ್ನೂ ಅರ್ಥಮಾಡಿಕೊಳ್ಳಲು ಕೆಲಸದ ಈ ಹಂಚಿಕೆಯೇ ಕೀಲಿಕೈ.

ಹಿನ್ನೆಲೆ

ಅಮೆರಿಕದ ಅರ್ಪಾನೆಟ್ 1983ರ ಜನವರಿ 1ರಂದು ಟಿಸಿಪಿ/ಐಪಿ ನಿಯಮಾವಳಿಗೆ ಬದಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಬಂದ 4.2ಬಿಎಸ್‌ಡಿ ಯುನಿಕ್ಸ್, ಸಾಕೆಟ್‌ಗಳ ಕರೆಗಳನ್ನು ವ್ಯಾಪಕ ಬಳಕೆಗೆ ತಂದಿತು. ಯುನಿಕ್ಸ್‌ನಲ್ಲಿ ಫೈಲನ್ನು ಓದುವ, ಬರೆಯುವ ರೀತಿಯಲ್ಲೇ ಜಾಲದ ಸಂಪರ್ಕವನ್ನೂ ಓದಿ ಬರೆಯಬಹುದು ಎಂಬುದು ಆ ವಿನ್ಯಾಸದ ತಿರುಳು. ಸಾಕೆಟ್, ಬೈಂಡ್, ಲಿಸನ್, ಅಕ್ಸೆಪ್ಟ್, ಕನೆಕ್ಟ್ ಎಂಬ ಅಂದಿನ ಹೆಸರುಗಳು ಇಂದಿಗೂ ಹಾಗೆಯೇ ಉಳಿದಿವೆ. ಮುಂದೆ ಇವು ಪೋಸಿಕ್ಸ್ ಮಾನಕದಲ್ಲಿ ಸೇರಿದವು. ವಿಂಡೋಸ್ ಇವನ್ನು ವಿನ್‌ಸಾಕ್ ಎಂಬ ರೂಪದಲ್ಲಿ ಅಳವಡಿಸಿಕೊಂಡಿತು. ಡಬ್ಲ್ಯೂ. ರಿಚರ್ಡ್ ಸ್ಟೀವನ್ಸ್ ಅವರು 1990ರಲ್ಲಿ ಪ್ರಕಟಿಸಿದ ಯುನಿಕ್ಸ್ ಜಾಲ ಪ್ರೋಗ್ರಾಮಿಂಗ್ ಕುರಿತ ಗ್ರಂಥ ಎರಡು ತಲೆಮಾರಿನ ಪ್ರೋಗ್ರಾಮರ್‌ಗಳಿಗೆ ಈ ಕರೆಗಳ ಪಾಠ ಹೇಳಿದೆ.

ಬೆಂಗಳೂರಿಗೆ ಈ ತಂತ್ರಜ್ಞಾನ ಮೊದಲು ಕಾಲಿಟ್ಟ ದಾರಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯದು ಮುಖ್ಯ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆಯನ್ನು ಆರಂಭಿಸಿದಾಗ, ಅದರಲ್ಲಿ ಭಾಗಿಯಾದ ಎಂಟು ಸಂಸ್ಥೆಗಳಲ್ಲಿ ಇದೂ ಒಂದಾಗಿತ್ತು. ಉಳಿದವು ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ (ಎನ್‌ಸಿಎಸ್‌ಟಿ) ಮತ್ತು ಸ್ವತಃ ಇಲಾಖೆ. ಮೊದಮೊದಲು ಟೆಲಿಫೋನ್ ಕರೆ ಮಾಡಿ ಅಂಚೆಯ ಕಟ್ಟುಗಳನ್ನು ಒಟ್ಟಿಗೆ ಸಾಗಿಸುವ ಯುಯುಸಿಪಿ ಪದ್ಧತಿ ಬಳಕೆಯಲ್ಲಿತ್ತು. ಗುತ್ತಿಗೆ ತಂತಿಗಳು ಮತ್ತು ಟಿಸಿಪಿ/ಐಪಿ ಬಂದ ಮೇಲೆ, ಯಾವ ಹೊತ್ತಿನಲ್ಲಿ ಯಾವ ಊರಿನಿಂದ ಸಂಪರ್ಕ ಬಂದರೂ ಅದಕ್ಕೆ ಓಗೊಡಲು ಸದಾ ಕಾದಿರುವ ಸರ್ವರ್ ಎಂಬ ಕಲ್ಪನೆ ಇಲ್ಲಿ ಬೇರೂರಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೂ ಅಂತರ್ಜಾಲ ಸೇವೆಯನ್ನು ತೆರೆಯಿತು.

ಸರ್ವರ್ ಸಿದ್ಧವಾಗುವ ಹಂತಗಳು

ಸರ್ವರ್ ಪ್ರೋಗ್ರಾಂ ಸಂಪರ್ಕವನ್ನು ಸ್ವೀಕರಿಸುವ ಸ್ಥಿತಿಗೆ ಬರಲು ನಾಲ್ಕು ಕರೆಗಳನ್ನು ಕ್ರಮವಾಗಿ ಮಾಡಬೇಕು.

ಮೊದಲನೆಯದು ಸಾಕೆಟ್. ಐಪಿ ಆವೃತ್ತಿ 4 ಬೇಕೋ 6 ಬೇಕೋ, ಟಿಸಿಪಿಯೋ ಬೇರೆಯೋ ಎಂದು ತಿಳಿಸಿದರೆ ಕರ್ನಲ್ ಒಂದು ಫೈಲ್ ಡಿಸ್ಕ್ರಿಪ್ಟರ್ ಕೊಡುತ್ತದೆ. ಇದು ಒಂದು ಸಣ್ಣ ಪೂರ್ಣಾಂಕ; ಮುಂದಿನ ಕರೆಗಳೆಲ್ಲ ಈ ಅಂಕಿಯನ್ನೇ ಹಿಡಿದು ನಡೆಯುತ್ತವೆ.

ಎರಡನೆಯದು ಬೈಂಡ್. ಸಾಕೆಟ್‌ಗೆ ಐಪಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಇದು ಜೋಡಿಸುತ್ತದೆ. ಪೋರ್ಟ್ ಎಂಬುದು 16 ಬಿಟ್‌ಗಳ ಸಂಖ್ಯೆ, ಆದ್ದರಿಂದ ಗರಿಷ್ಠ ಮೌಲ್ಯ 65,535. ವೆಬ್‌ಗೆ 80, ಗೂಢಲಿಪೀಕೃತ ವೆಬ್‌ಗೆ 443, ಮಿಂಚಂಚೆಗೆ 25 ಎಂಬಂತೆ ಪ್ರಸಿದ್ಧ ಸೇವೆಗಳಿಗೆ ನಿಗದಿತ ಸಂಖ್ಯೆಗಳಿವೆ. ಯುನಿಕ್ಸ್ ವ್ಯವಸ್ಥೆಗಳಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ಹಿಡಿಯಲು ಸಾಮಾನ್ಯವಾಗಿ ವಿಶೇಷ ಅಧಿಕಾರ ಬೇಕು. ವಿಳಾಸದ ಆಯ್ಕೆಯೂ ಪೋರ್ಟ್‌ನಷ್ಟೇ ಮುಖ್ಯ. 127.0.0.1 ಎಂದು ಕೊಟ್ಟರೆ ಅದೇ ಕಂಪ್ಯೂಟರಿನೊಳಗಿನ ಪ್ರೋಗ್ರಾಂಗಳು ಮಾತ್ರ ಸಂಪರ್ಕಿಸಬಲ್ಲವು. 0.0.0.0 ಎಂದು ಕೊಟ್ಟರೆ ಕಂಪ್ಯೂಟರಿಗಿರುವ ಎಲ್ಲ ಜಾಲಮುಖಗಳಲ್ಲೂ ಬಾಗಿಲು ತೆರೆಯುತ್ತದೆ.

ಮೂರನೆಯದು ಲಿಸನ್. ತಾನಾಗಿ ಹೊರಗೆ ಕರೆ ಮಾಡುವ ಸಾಕೆಟ್ ಇದಲ್ಲ, ಹೊರಗಿನಿಂದ ಬರುವುದಕ್ಕೆ ಕಾಯುವಂಥದ್ದು ಎಂದು ಇದು ಕರ್ನಲ್‌ಗೆ ತಿಳಿಸುತ್ತದೆ. ಬ್ಯಾಕ್‌ಲಾಗ್ ಎಂಬ ಸಂಖ್ಯೆಯನ್ನೂ ಇದರ ಜೊತೆಗೆ ಕೊಡಬೇಕು. ಎಷ್ಟು ಸಂಪರ್ಕಗಳು ಸರದಿಯಲ್ಲಿ ಕಾಯಬಹುದು ಎಂಬುದರ ಮಿತಿ ಅದು.

ನಾಲ್ಕನೆಯದು ಅಕ್ಸೆಪ್ಟ್. ಸರದಿಯ ತಲೆಯಲ್ಲಿರುವ ಸಂಪರ್ಕವನ್ನು ತೆಗೆದು, ಅದಕ್ಕೆ ಹೊಸ ಡಿಸ್ಕ್ರಿಪ್ಟರ್ ಕೊಟ್ಟು ಹಿಂದಿರುಗುತ್ತದೆ. ಕೇಳಿದರೆ ಎದುರಿನ ಕ್ಲೈಂಟ್‌ನ ಐಪಿ ವಿಳಾಸ, ಪೋರ್ಟ್‌ಗಳನ್ನೂ ತುಂಬಿಸಿ ಕೊಡುತ್ತದೆ. ಸರದಿ ಖಾಲಿಯಿದ್ದರೆ ಸಾಮಾನ್ಯ ಸಾಕೆಟ್‌ನಲ್ಲಿ ಪ್ರೋಗ್ರಾಂ ಅಲ್ಲೇ ತಡೆದು ನಿಲ್ಲುತ್ತದೆ. ತಡೆಯದ ಬಗೆಯ ಸಾಕೆಟ್ ಆದರೆ ‘ಈಗ ಯಾವುದೂ ಇಲ್ಲ, ಮತ್ತೆ ಕೇಳು’ ಎಂಬರ್ಥದ ದೋಷಸಂಖ್ಯೆ ತಕ್ಷಣವೇ ಬರುತ್ತದೆ.

ಎರಡು ಸಾಕೆಟ್‌ಗಳು, ಒಂದೇ ಪೋರ್ಟ್

ಅಕ್ಸೆಪ್ಟ್ ಆದ ಮೇಲೆ ಸರ್ವರ್‌ನ ಕೈಯಲ್ಲಿ ಎರಡು ಸಾಕೆಟ್‌ಗಳಿರುತ್ತವೆ. ಕಾಯುವ ಸಾಕೆಟ್ ತನ್ನ ಜಾಗದಲ್ಲೇ ಉಳಿದು ಮುಂದಿನವರಿಗಾಗಿ ಕಾಯುತ್ತದೆ. ಹೊಸ ಸಾಕೆಟ್, ಬಂದ ಕ್ಲೈಂಟ್‌ನ ಜೊತೆ ಮಾತಾಡುತ್ತದೆ. ಪೀಣ್ಯದ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿಯವರು ಬಂದವರ ಹೆಸರು ಬರೆದುಕೊಂಡು, ಒಳಗಿನ ಸಿಬ್ಬಂದಿಯೊಬ್ಬರ ಜೊತೆಗೆ ಅವರನ್ನು ಕಳಿಸಿ, ತಾವು ಗೇಟಿನಲ್ಲೇ ಉಳಿಯುವ ವ್ಯವಸ್ಥೆಗೆ ಇದು ಸಮ. ಕಾಯುವ ಸಾಕೆಟ್‌ನಿಂದ ದತ್ತಾಂಶವನ್ನು ಓದಲು ಹೋಗುವುದು ಹೊಸದಾಗಿ ಕಲಿಯುವವರು ಮಾಡುವ ಸಾಮಾನ್ಯ ತಪ್ಪು. ಅದರಿಂದ ಓದಲು ಏನೂ ಇರುವುದಿಲ್ಲ.

ಪ್ರತಿ ಕ್ಲೈಂಟ್‌ಗೂ ಸರ್ವರ್ ಹೊಸ ಪೋರ್ಟ್ ಕೊಡುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಪೋರ್ಟ್ 443ರಲ್ಲಿ ಕಾಯುವ ಸರ್ವರ್ ಸ್ವೀಕರಿಸಿದ ಸಾವಿರಾರು ಸಂಪರ್ಕಗಳೂ ಸರ್ವರ್ ಕಡೆಯಿಂದ ಪೋರ್ಟ್ 443ನ್ನೇ ಬಳಸುತ್ತವೆ. ಕರ್ನಲ್ ಅವುಗಳನ್ನು ಬೇರ್ಪಡಿಸುವುದು ನಾಲ್ಕು ಅಂಶಗಳ ಒಟ್ಟು ಗುರುತಿನಿಂದ: ಕ್ಲೈಂಟ್‌ನ ಐಪಿ, ಕ್ಲೈಂಟ್‌ನ ಪೋರ್ಟ್, ಸರ್ವರ್‌ನ ಐಪಿ, ಸರ್ವರ್‌ನ ಪೋರ್ಟ್. ಈ ನಾಲ್ಕರಲ್ಲಿ ಒಂದು ಬದಲಾದರೂ ಅದು ಬೇರೆಯೇ ಸಂಪರ್ಕ. ಹಾಗಾಗಿ 65,535 ಎಂಬುದು ಒಂದು ಸರ್ವರ್ ಸ್ವೀಕರಿಸಬಹುದಾದ ಸಂಪರ್ಕಗಳ ಮಿತಿಯಲ್ಲ. ಕಂಪ್ಯೂಟರಿನ ನೆನಪು (ಮೆಮೊರಿ), ಡಿಸ್ಕ್ರಿಪ್ಟರ್‌ಗಳ ಸಂಖ್ಯೆ ಮತ್ತು ಪ್ರೊಸೆಸರ್‌ನ ಶಕ್ತಿ ನಿಜವಾದ ಮಿತಿಗಳು.

ಕರ್ನಲ್‌ನೊಳಗಿನ ಎರಡು ಸರದಿಗಳು

ಟಿಸಿಪಿ ಸಂಪರ್ಕ ಮೂರು ಹೆಜ್ಜೆಗಳ ಹ್ಯಾಂಡ್‌ಶೇಕ್‌ನಿಂದ ಏರ್ಪಡುತ್ತದೆ. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 793 ಈ ಕ್ರಮವನ್ನು ವಿವರಿಸಿತು. 2022ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 9293 ಅದರ ಸ್ಥಾನ ಪಡೆಯಿತು. ಕ್ಲೈಂಟ್ ಮೊದಲು ಸಿನ್ ಪ್ಯಾಕೆಟ್ ಕಳಿಸುತ್ತದೆ. ಸರ್ವರ್ ಕಡೆಯ ಕರ್ನಲ್ ಸಿನ್-ಆಕ್ ಎಂದು ಉತ್ತರಿಸುತ್ತದೆ. ಕ್ಲೈಂಟ್‌ನಿಂದ ಆಕ್ ಬಂದಾಗ ಸಂಪರ್ಕ ಪೂರ್ಣವಾಗುತ್ತದೆ.

ಇದರಲ್ಲಿ ಎಲ್ಲಿಯೂ ಸರ್ವರ್ ಪ್ರೋಗ್ರಾಂನ ಪಾತ್ರವಿಲ್ಲ. ಲಿಸನ್ ಕರೆ ಆಗಿದ್ದರೆ ಸಾಕು, ಪ್ರೋಗ್ರಾಂ ಬೇರೆ ಕೆಲಸದಲ್ಲಿದ್ದರೂ ಕರ್ನಲ್ ಮೂರೂ ಹೆಜ್ಜೆಗಳನ್ನು ಮುಗಿಸುತ್ತದೆ. ಮೊದಲ ಸಿನ್ ಬಂದು ಕೊನೆಯ ಆಕ್‌ಗಾಗಿ ಕಾಯುತ್ತಿರುವ ಅರ್ಧ ಸಂಪರ್ಕಗಳು ಸಿನ್ ಸರದಿಯಲ್ಲಿರುತ್ತವೆ. ಮೂರೂ ಹೆಜ್ಜೆ ಮುಗಿದವು ಅಕ್ಸೆಪ್ಟ್ ಸರದಿಗೆ ಬರುತ್ತವೆ. ಕ್ಲೈಂಟ್‌ನ ಕನೆಕ್ಟ್ ಕರೆ ಯಶಸ್ವಿಯಾಗಿ, ಅದು ಮೊದಲ ದತ್ತಾಂಶವನ್ನು ಕಳಿಸಿಯೂ ಆಗಿರುವಾಗ, ಸರ್ವರ್ ಪ್ರೋಗ್ರಾಂ ಇನ್ನೂ ಅಕ್ಸೆಪ್ಟ್ ಕರೆಯದೇ ಇರಬಹುದು. ‘ಸಂಪರ್ಕ ಸಿಕ್ಕಿದೆ, ಆದರೆ ಉತ್ತರ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ ಅಂತರ.

ಅಕ್ಸೆಪ್ಟ್ ಸರದಿಯ ಉದ್ದವನ್ನು ಬ್ಯಾಕ್‌ಲಾಗ್ ನಿರ್ಧರಿಸುತ್ತದೆ. 4.2ಬಿಎಸ್‌ಡಿಯಲ್ಲಿ ಇದರ ಗರಿಷ್ಠ ಮಿತಿ 5 ಆಗಿತ್ತು; ಅಂದಿನ ಜಾಲಕ್ಕೆ ಅದು ಸಾಕಿತ್ತು. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಎಷ್ಟೇ ಕೇಳಿದರೂ ಸೋಮ್ಯಾಕ್ಸ್‌ಕಾನ್ ಎಂಬ ವ್ಯವಸ್ಥೆಯ ಮಿತಿಯನ್ನು ದಾಟಲಾಗದು. ದೀರ್ಘಕಾಲ 128 ಇದ್ದ ಈ ಮಿತಿಯನ್ನು 2019ರ 5.4ನೇ ಆವೃತ್ತಿಯಲ್ಲಿ 4096ಕ್ಕೆ ಏರಿಸಲಾಯಿತು. ಜಾವಾದ ಸರ್ವರ್‌ಸಾಕೆಟ್‌ನಲ್ಲಿ ಪೂರ್ವನಿಯೋಜಿತ ಮೌಲ್ಯ 50, ನೋಡ್.ಜೆಎಸ್‌ನಲ್ಲಿ 511.

ಸರದಿ ತುಂಬಿದಾಗ ಏನಾಗುತ್ತದೆ ಎಂಬುದು ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಲಿನಕ್ಸ್ ಸಾಮಾನ್ಯವಾಗಿ ಕ್ಲೈಂಟ್‌ನ ಕೊನೆಯ ಆಕ್ ಅನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕ್ಲೈಂಟ್ ತಾನು ಸಂಪರ್ಕದಲ್ಲಿದ್ದೇನೆ ಎಂದುಕೊಂಡಿರುತ್ತದೆ, ಸರ್ವರ್ ಹಾಗೆ ಭಾವಿಸಿರುವುದಿಲ್ಲ. ಕರ್ನಲ್ ಸಿನ್-ಆಕ್ ಅನ್ನು ಮತ್ತೆ ಮತ್ತೆ ಕಳಿಸುತ್ತದೆ. ಪೂರ್ವನಿಯೋಜಿತ 5 ಮರುಪ್ರಯತ್ನಗಳೂ ವಿಫಲವಾದರೆ ಸುಮಾರು 63 ಸೆಕೆಂಡುಗಳ ನಂತರ ಕೈಬಿಡುತ್ತದೆ. ಅಷ್ಟರಲ್ಲಿ ಸರದಿಯಲ್ಲಿ ಜಾಗ ಸಿಕ್ಕರೆ ಸಂಪರ್ಕ ತಡವಾಗಿಯಾದರೂ ಕೂಡುತ್ತದೆ. ಲಿನಕ್ಸ್‌ನ ಎಸ್‌ಎಸ್ ಆದೇಶದ ಪಟ್ಟಿಯಲ್ಲಿ ಕಾಯುವ ಸಾಕೆಟ್‌ನ ಎದುರಿನ ‘ರಿಸೀವ್’ ಅಂಕಣವು ಈಗ ಸರದಿಯಲ್ಲಿರುವ ಸಂಪರ್ಕಗಳನ್ನೂ ‘ಸೆಂಡ್’ ಅಂಕಣವು ಸರದಿಯ ಮಿತಿಯನ್ನೂ ತೋರಿಸುತ್ತದೆ. ಮೊದಲ ಅಂಕಿ ಸದಾ ಎರಡನೆಯದರ ಹತ್ತಿರವೇ ಇದ್ದರೆ ಪ್ರೋಗ್ರಾಂ ತಕ್ಕಷ್ಟು ವೇಗವಾಗಿ ಅಕ್ಸೆಪ್ಟ್ ಕರೆಯುತ್ತಿಲ್ಲ ಎಂದರ್ಥ. ಆಗ ಬ್ಯಾಕ್‌ಲಾಗ್ ಹೆಚ್ಚಿಸುವುದರಿಂದ ಕ್ಷಣಿಕ ನೂಕುನುಗ್ಗಲು ತಡೆಯಬಹುದು, ನಿಧಾನದ ಮೂಲ ಕಾರಣ ಹೋಗದು.

ಅನೇಕ ಕ್ಲೈಂಟ್‌ಗಳನ್ನು ನಿಭಾಯಿಸುವ ವಿಧಾನಗಳು

ಒಂದು ಸಂಪರ್ಕವನ್ನು ಸ್ವೀಕರಿಸಿ, ಅದರ ಕೆಲಸ ಮುಗಿಸಿ, ಮುಚ್ಚಿ, ಮುಂದಿನದನ್ನು ಸ್ವೀಕರಿಸುವುದು ಅತಿ ಸರಳ ವಿಧಾನ. ಒಬ್ಬ ಕ್ಲೈಂಟ್ ನಿಧಾನವಾದರೆ ಉಳಿದವರೆಲ್ಲ ಕಾಯಬೇಕಾಗುತ್ತದೆ, ಹಾಗಾಗಿ ಪಾಠದ ಉದಾಹರಣೆಗಳ ಆಚೆಗೆ ಇದು ಅಪರೂಪ.

ಪ್ರತಿ ಸಂಪರ್ಕಕ್ಕೂ ಫೋರ್ಕ್ ಮಾಡಿ ಒಂದು ಮರಿ ಪ್ರೊಸೆಸ್ ಹುಟ್ಟಿಸುವುದು ಯುನಿಕ್ಸ್‌ನ ಹಳೆಯ ಪದ್ಧತಿ. 4.3ಬಿಎಸ್‌ಡಿಯಲ್ಲಿ ಬಂದ ಐನೆಟ್‌ಡಿ ಎಂಬ ಪ್ರೋಗ್ರಾಂ ಹಲವು ಸೇವೆಗಳ ಪರವಾಗಿ ತಾನೊಂದೇ ಕಾದು, ಸಂಪರ್ಕ ಬಂದಾಗ ಮಾತ್ರ ತಕ್ಕ ಸೇವೆಯನ್ನು ಎಬ್ಬಿಸುತ್ತಿತ್ತು. ಇಂದಿನ ಲಿನಕ್ಸ್ ವ್ಯವಸ್ಥೆಗಳ ಸಿಸ್ಟಂಡಿ ಇದೇ ವಿಚಾರವನ್ನು ಮುಂದುವರಿಸಿ, ತಾನೇ ಬೈಂಡ್ ಮತ್ತು ಲಿಸನ್ ಮಾಡಿದ ಸಾಕೆಟ್ಟನ್ನು ಸೇವೆಗೆ ಹಸ್ತಾಂತರಿಸುತ್ತದೆ. ಸೇವೆ ಮರುಚಾಲನೆಯಾಗುವ ಹೊತ್ತಿನಲ್ಲಿ ಬಂದ ಸಂಪರ್ಕಗಳು ಸರದಿಯಲ್ಲಿ ಸುರಕ್ಷಿತವಾಗಿ ಉಳಿಯುವುದು ಇದರ ಲಾಭ.

ಪ್ರೊಸೆಸ್‌ನ ಬದಲು ಥ್ರೆಡ್ ಬಳಸಿದರೆ ವೆಚ್ಚ ಕಡಿಮೆ. ಆದರೂ ಪ್ರತಿ ಥ್ರೆಡ್‌ಗೂ ತನ್ನದೇ ಸ್ಟ್ಯಾಕ್ ಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ 8 ಮೆಗಾಬೈಟ್ ವಿಳಾಸದ ಜಾಗ ಮೀಸಲಾಗುತ್ತದೆ. ಸಂಖ್ಯೆ ಮೊದಲೇ ನಿಗದಿಯಾದ ಥ್ರೆಡ್‌ಗಳ ಗುಂಪೊಂದನ್ನು ಇಟ್ಟುಕೊಂಡು, ಬಂದ ಸಂಪರ್ಕಗಳನ್ನು ಅವುಗಳಿಗೆ ಹಂಚುವುದು ಮಧ್ಯಮಮಾರ್ಗ.

ಒಂದೇ ಕಂಪ್ಯೂಟರ್ ಏಕಕಾಲದಲ್ಲಿ ಹತ್ತು ಸಾವಿರ ಕ್ಲೈಂಟ್‌ಗಳನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಅವರು ಸಿ10ಕೆ ಎಂಬ ಹೆಸರಿನಿಂದ ಮುಂದಿಟ್ಟರು. ಘಟನೆಗಳನ್ನು ಆಧರಿಸಿದ ವಿನ್ಯಾಸ ಅದಕ್ಕೆ ಉತ್ತರವಾಯಿತು. ಇಲ್ಲಿ ಒಂದೇ ಥ್ರೆಡ್ ಸಾವಿರಾರು ಸಾಕೆಟ್‌ಗಳ ಮೇಲೆ ಒಟ್ಟಿಗೆ ಕಣ್ಣಿಟ್ಟು, ಸಿದ್ಧವಾದವನ್ನು ಮಾತ್ರ ಮುಟ್ಟುತ್ತದೆ. ಹಳೆಯ ಸೆಲೆಕ್ಟ್ ಕರೆ ಸಾಮಾನ್ಯವಾಗಿ 1024 ಡಿಸ್ಕ್ರಿಪ್ಟರ್‌ಗಳಿಗೆ ಸೀಮಿತವಾಗಿತ್ತು. ಫ್ರೀಬಿಎಸ್‌ಡಿಯ ಕೆಕ್ಯೂ, ಲಿನಕ್ಸ್‌ನ ಇಪೋಲ್, ವಿಂಡೋಸ್‌ನ ಅಕ್ಸೆಪ್ಟ್‌ಇಎಕ್ಸ್ ಜೊತೆಗಿನ ಪೂರ್ಣತಾ ಪೋರ್ಟ್‌ಗಳು ಈ ಮಿತಿಯನ್ನು ದಾಟಿದವು. 2004ರಲ್ಲಿ ಇಗೋರ್ ಸಿಸೊಯೆವ್ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದೇ ತಳಹದಿಯ ಮೇಲೆ ನಿಂತಿದೆ. ಕಾಯುವ ಸಾಕೆಟ್‌ನಲ್ಲಿ ‘ಓದಲು ಸಿದ್ಧ’ ಎಂಬ ಸೂಚನೆ ಬಂದರೆ, ಸರದಿಯಲ್ಲಿ ಸಂಪರ್ಕವಿದೆ ಎಂದು ಅರ್ಥ. ಸೂಚನೆ ಬಂದ ಮೇಲೂ, ಅಕ್ಸೆಪ್ಟ್ ಕರೆಯುವುದರೊಳಗೆ ಕ್ಲೈಂಟ್ ಸಂಪರ್ಕವನ್ನು ಕಡಿದುಕೊಳ್ಳಬಹುದು. ಕೆಲವು ವ್ಯವಸ್ಥೆಗಳಲ್ಲಿ ಆಗ ಅಕ್ಸೆಪ್ಟ್ ತಡೆದು ನಿಂತು ಇಡೀ ಸರ್ವರ್ ಸ್ತಬ್ಧವಾಗುತ್ತದೆ. ಆದ್ದರಿಂದ ಇಂಥ ವಿನ್ಯಾಸದಲ್ಲಿ ಕಾಯುವ ಸಾಕೆಟ್ ತಡೆಯದ ಬಗೆಯದೇ ಆಗಿರಬೇಕು.

ಹಲವು ಪ್ರೊಸೆಸ್‌ಗಳು ಒಂದೇ ಸಾಕೆಟ್‌ನ ಮುಂದೆ ಕಾದಿರುವಾಗ ಒಂದು ಸಂಪರ್ಕ ಬಂದರೆ, ಎಲ್ಲವೂ ಎಚ್ಚೆತ್ತು ಒಂದಕ್ಕೆ ಮಾತ್ರ ಕೆಲಸ ಸಿಕ್ಕು ಉಳಿದವು ವ್ಯರ್ಥವಾಗಿ ಮಲಗುವ ಸಮಸ್ಯೆಯಿತ್ತು. ಅಕ್ಸೆಪ್ಟ್‌ನಲ್ಲೇ ತಡೆದು ನಿಂತವುಗಳಲ್ಲಿ ಒಂದನ್ನು ಮಾತ್ರ ಎಬ್ಬಿಸುವಂತೆ ಕರ್ನಲ್‌ಗಳನ್ನು ತಿದ್ದಲಾಯಿತು. ಲಿನಕ್ಸ್ 3.9ರಲ್ಲಿ, 2013ರಲ್ಲಿ ಬಂದ ರಿಯೂಸ್‌ಪೋರ್ಟ್ ಆಯ್ಕೆ ಇನ್ನೂ ಮುಂದೆ ಹೋಗಿ, ಹಲವು ಸಾಕೆಟ್‌ಗಳು ಒಂದೇ ಪೋರ್ಟ್ ಹಿಡಿದು ತಂತಮ್ಮ ಸರದಿಗಳನ್ನು ಇಟ್ಟುಕೊಳ್ಳಲು ಅನುವು ಮಾಡಿತು. 2019ರಲ್ಲಿ ಲಿನಕ್ಸ್ 5.1ರ ಜೊತೆ ಬಂದ ಐಒ-ಯುರಿಂಗ್ ವ್ಯವಸ್ಥೆಯಲ್ಲಿ ಸ್ವೀಕಾರದ ಕೋರಿಕೆಯನ್ನು ಮುಂಚಿತವಾಗಿ ಸಲ್ಲಿಸಿಟ್ಟು ಫಲಿತಾಂಶವನ್ನು ನಂತರ ಪಡೆಯಬಹುದು. ಈ ಸೌಲಭ್ಯ ನಂತರದ ಆವೃತ್ತಿಗಳಲ್ಲಿ ಸೇರಿತು.

ಗೋ ಭಾಷೆ ಈ ಜಟಿಲತೆಯನ್ನು ಒಳಗೆ ಮುಚ್ಚಿಟ್ಟು, ಪ್ರತಿ ಸಂಪರ್ಕಕ್ಕೊಂದು ಗೋರುಟೀನ್ ಎಂಬ ಸರಳ ಬರವಣಿಗೆಗೆ ಅವಕಾಶ ಕೊಡುತ್ತದೆ. ಪೈಥಾನ್ 3.8ರಿಂದ ಈಚೆಗೆ ಸಾಕೆಟ್, ಬೈಂಡ್, ಲಿಸನ್ ಮೂರನ್ನೂ ಒಂದೇ ಕರೆಯಲ್ಲಿ ಮಾಡಬಹುದು. ಭಾಷೆ ಯಾವುದಾದರೂ ಕೆಳಗೆ ನಡೆಯುವುದು ಅದೇ ನಾಲ್ಕು ಹಂತ.

ಸಾಮಾನ್ಯ ದೋಷಗಳು

ಸರ್ವರ್ ನಿಲ್ಲಿಸಿ ತಕ್ಷಣ ಮತ್ತೆ ಚಾಲೂ ಮಾಡಿದಾಗ ‘ವಿಳಾಸ ಬಳಕೆಯಲ್ಲಿದೆ’ ಎಂದು ಬೈಂಡ್ ನಿರಾಕರಿಸುವುದು ಹೆಚ್ಚಿನವರು ಮೊದಲು ಎದುರಿಸುವ ತೊಡಕು. ಸರ್ವರ್ ಕಡೆಯಿಂದ ಮುಚ್ಚಿದ ಸಂಪರ್ಕಗಳು ಟೈಮ್-ವೇಟ್ ಸ್ಥಿತಿಯಲ್ಲಿ ಕೆಲಕಾಲ, ಲಿನಕ್ಸ್‌ನಲ್ಲಿ 60 ಸೆಕೆಂಡು, ಉಳಿಯುವುದೇ ಇದಕ್ಕೆ ಕಾರಣ. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದಲ್ಲಿ ಬೆರೆಯದಿರಲಿ ಎಂಬುದು ಈ ಸ್ಥಿತಿಯ ಉದ್ದೇಶ. ಯುನಿಕ್ಸ್ ವ್ಯವಸ್ಥೆಗಳಲ್ಲಿ ಬೈಂಡ್‌ಗೆ ಮುನ್ನ ರಿಯೂಸ್‌ಅಡ್ರೆಸ್ ಆಯ್ಕೆಯನ್ನು ಹಾಕುವುದು ಇದಕ್ಕೆ ಪರಿಹಾರ.

ಡಿಸ್ಕ್ರಿಪ್ಟರ್‌ಗಳು ಮುಗಿದುಹೋಗುವುದು ಇನ್ನೂ ಗಂಭೀರ. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರೊಸೆಸ್‌ಗೆ ಮೊದಲಿಗೆ 1024 ಡಿಸ್ಕ್ರಿಪ್ಟರ್‌ಗಳ ಮಿತಿ ಇರುತ್ತದೆ. ಕೆಲಸ ಮುಗಿದ ಸಾಕೆಟ್‌ಗಳನ್ನು ಮುಚ್ಚಲು ಮರೆತ ಪ್ರೋಗ್ರಾಂ ಕೆಲವೇ ದಿನಗಳಲ್ಲಿ ಈ ಮಿತಿಯನ್ನು ಮುಟ್ಟಬಹುದು. ಆಗ ಅಕ್ಸೆಪ್ಟ್ ವಿಫಲವಾಗುತ್ತದೆ, ಆದರೆ ಸಂಪರ್ಕ ಮಾತ್ರ ಸರದಿಯಲ್ಲೇ ಉಳಿದಿರುತ್ತದೆ. ಇಪೋಲ್ ಪುನಃ ‘ಸಿದ್ಧ’ ಎನ್ನುತ್ತದೆ, ಅಕ್ಸೆಪ್ಟ್ ಪುನಃ ವಿಫಲವಾಗುತ್ತದೆ, ಪ್ರೊಸೆಸರ್ ಪೂರ್ತಿ ಇದರಲ್ಲೇ ಸುತ್ತುತ್ತದೆ. ಒಂದು ಡಿಸ್ಕ್ರಿಪ್ಟರನ್ನು ಮೊದಲೇ ಕಾದಿರಿಸಿ, ಬಿಕ್ಕಟ್ಟಿನಲ್ಲಿ ಅದನ್ನು ಬಿಡುಗಡೆ ಮಾಡಿ, ಸಂಪರ್ಕವನ್ನು ಸ್ವೀಕರಿಸಿ ಕೂಡಲೇ ಮುಚ್ಚುವುದು ಅನುಭವಿಗಳು ಬಳಸುವ ಉಪಾಯ.

ಸಿಗ್ನಲ್ ಬಂದು ಕರೆ ಅರ್ಧಕ್ಕೆ ನಿಲ್ಲುವುದು, ಸರದಿಯಲ್ಲಿದ್ದಾಗಲೇ ಕ್ಲೈಂಟ್ ಹೊರಟುಹೋಗುವುದು ಮುಂತಾದ ದೋಷಗಳು ತಾತ್ಕಾಲಿಕ. ಇವು ಆ ಒಂದು ಸಂಪರ್ಕಕ್ಕೆ ಸೇರಿದವು. ಇವುಗಳಿಂದಾಗಿ ಸರ್ವರ್ ನಿಂತುಹೋದರೆ ಅದು ಪ್ರೋಗ್ರಾಂನ ದೋಷ.

ಲಿನಕ್ಸ್‌ನಲ್ಲಿ ಹೊಸ ಸಾಕೆಟ್‌ಗೆ ಕಾಯುವ ಸಾಕೆಟ್‌ನ ತಡೆಯದ ಗುಣ ಇಳಿದು ಬರುವುದಿಲ್ಲ, ಬಿಎಸ್‌ಡಿಯಲ್ಲಿ ಬರುತ್ತದೆ. ಈ ವ್ಯತ್ಯಾಸ ಅರಿಯದೆ ಒಂದು ವ್ಯವಸ್ಥೆಯ ಪ್ರೋಗ್ರಾಂ ಇನ್ನೊಂದರಲ್ಲಿ ಎಡವುತ್ತದೆ. 2008ರಲ್ಲಿ ಲಿನಕ್ಸ್‌ಗೆ ಸೇರಿದ ಅಕ್ಸೆಪ್ಟ್4 ಕರೆಯಲ್ಲಿ ಬೇಕಾದ ಗುಣಗಳನ್ನು ಸ್ವೀಕರಿಸುವಾಗಲೇ ಸ್ಪಷ್ಟವಾಗಿ ಹೇಳಬಹುದು.

ಕಾರ್ಖಾನೆಯ ನೆಲದಲ್ಲಿ: ಪೀಣ್ಯ ಮತ್ತು ನಾಗಸಂದ್ರ

ಉತ್ತರ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಯಶವಂತಪುರದಿಂದ ಪೀಣ್ಯ, ದಾಸರಹಳ್ಳಿ ದಾಟಿ ನಾಗಸಂದ್ರದವರೆಗಿನ ಪಟ್ಟಿ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳ ನೆಲೆ. ಯಂತ್ರೋಪಕರಣಗಳ ಸಂಶೋಧನೆಗಾಗಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೇ ರಸ್ತೆಯಲ್ಲಿದೆ. ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ವಿದ್ಯೆಯನ್ನು ಸಣ್ಣ ಕೈಗಾರಿಕೆಗಳಿಗೆ ತಲುಪಿಸಲು ಕೇಂದ್ರ ಭಾರೀ ಕೈಗಾರಿಕಾ ಸಚಿವಾಲಯ ರೂಪಿಸಿದ ಸಮರ್ಥ್ ಉದ್ಯೋಗ್ ಕಾರ್ಯಕ್ರಮದ ಕೇಂದ್ರಗಳಲ್ಲಿ ಈ ಸಂಸ್ಥೆಯೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿವೆ.

ಸಂಪರ್ಕದ ಸ್ವೀಕಾರ ಎಂಬುದು ದೊಡ್ಡ ದತ್ತಾಂಶ ಕೇಂದ್ರಗಳಿಗಷ್ಟೇ ಸೇರಿದ ವಿಷಯ ಎಂಬ ಭಾವನೆ ಶಾಪ್ ಫ್ಲೋರ್‌ನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಸರ್ವರ್ ಆಗಿರುವುದು ಯಂತ್ರವೇ. 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಮೋಡ್‌ಬಸ್ ನಿಯಮಾವಳಿಯ ಟಿಸಿಪಿ ರೂಪದಲ್ಲಿ ಪಿಎಲ್‌ಸಿ ನಿಯಂತ್ರಕ ಪೋರ್ಟ್ 502ರಲ್ಲಿ ಕಾಯುತ್ತದೆ. ನಿಗಾ ಇಡುವ ಕಂಪ್ಯೂಟರ್ ಅದಕ್ಕೆ ಕ್ಲೈಂಟ್. ಫ್ಯಾನುಕ್ ನಿಯಂತ್ರಕವಿರುವ ಸಿಎನ್‌ಸಿ ಯಂತ್ರಗಳು ಸಾಮಾನ್ಯವಾಗಿ 8193ರಲ್ಲೂ, ಒಪಿಸಿ ಯುಎ ಬಳಸುವವು 4840ರಲ್ಲೂ ಕಾಯುತ್ತವೆ. ಸ್ಪಿಂಡಲ್ ಓಡುತ್ತಿದೆಯೇ, ಈ ಪಾಳಿಯಲ್ಲಿ ಎಷ್ಟು ಜಾಬ್ ಮುಗಿದಿವೆ, ಯಾವ ಅಲಾರಂ ಬಂದಿದೆ ಎಂಬ ಮಾಹಿತಿಯೆಲ್ಲ ಹೀಗೆ ಸ್ವೀಕರಿಸಿದ ಸಂಪರ್ಕಗಳ ಮೂಲಕವೇ ಮೇಲ್ವಿಚಾರಕರ ಪರದೆಗೆ ಬರುತ್ತದೆ.

ಇಂಥ ನಿಯಂತ್ರಕಗಳಲ್ಲಿ ನೆನಪು ಕಡಿಮೆ. ಬಹಳಷ್ಟು ಸಾಧನಗಳು ಏಕಕಾಲಕ್ಕೆ ಬೆರಳೆಣಿಕೆಯಷ್ಟು ಸಂಪರ್ಕಗಳನ್ನು ಮಾತ್ರ ಸ್ವೀಕರಿಸುತ್ತವೆ. ನಿಗಾ ಕಂಪ್ಯೂಟರಿಗೆ ಕರೆಂಟ್ ಹೋಯಿತು ಎಂದುಕೊಳ್ಳಿ. ಸಂಪರ್ಕ ಮುಚ್ಚುವ ಪ್ಯಾಕೆಟ್ ಹೊರಡಲೇ ಇಲ್ಲ. ಯುಪಿಎಸ್ ಮೇಲಿರುವ ಪಿಎಲ್‌ಸಿಗೆ ಹಳೆಯ ಸಂಪರ್ಕ ಇನ್ನೂ ಜೀವಂತ. ಕಂಪ್ಯೂಟರ್ ಎದ್ದು ಹೊಸ ಸಂಪರ್ಕ ಕೇಳುತ್ತದೆ. ನಾಲ್ಕೈದು ಸಲ ಹೀಗಾದರೆ ಸತ್ತ ಸಂಪರ್ಕಗಳೇ ಜಾಗ ತುಂಬಿ, ಜೀವಂತ ಕ್ಲೈಂಟ್‌ಗೆ ಬಾಗಿಲು ಮುಚ್ಚುತ್ತದೆ. ಟಿಸಿಪಿ ಕೀಪ್-ಅಲೈವ್ ಇಂಥ ಶವಗಳನ್ನು ಪತ್ತೆಹಚ್ಚುತ್ತದೆ, ಆದರೆ ಲಿನಕ್ಸ್‌ನ ಪೂರ್ವನಿಯೋಜಿತ ಕ್ರಮದಲ್ಲಿ ಮೊದಲ ತಪಾಸಣೆಗೆ 7200 ಸೆಕೆಂಡು, ನಂತರ 75 ಸೆಕೆಂಡಿಗೊಂದರಂತೆ 9 ತಪಾಸಣೆ ಎಂದಿರುವುದರಿಂದ 2 ಗಂಟೆ 11 ನಿಮಿಷ ಬೇಕಾಗುತ್ತದೆ. ಕಾರ್ಖಾನೆಯಲ್ಲಿ ಈ ಅವಧಿಗಳನ್ನು ಸೆಕೆಂಡುಗಳಿಗೆ ಇಳಿಸಬೇಕು. ಮೋಡ್‌ಬಸ್ ಟಿಸಿಪಿಯ ಅನುಷ್ಠಾನ ಮಾರ್ಗದರ್ಶಿ ಇದನ್ನು ಮುಂಗಂಡು, ಮಿತಿ ಮೀರಿದಾಗ ಬಳಕೆಯಿಲ್ಲದ ಅತಿ ಹಳೆಯ ಸಂಪರ್ಕವನ್ನು ಮುಚ್ಚಬೇಕೆಂದೂ, ಮುಖ್ಯ ಕ್ಲೈಂಟ್‌ಗಳಿಗಾಗಿ ಪ್ರತ್ಯೇಕ ಆದ್ಯತೆಯ ಗುಂಪನ್ನು ಇಡಬಹುದೆಂದೂ ಹೇಳುತ್ತದೆ.

ಮಾಲೀಕರು ಮನೆಯಿಂದಲೇ ಮೊಬೈಲ್‌ನಲ್ಲಿ ಯಂತ್ರದ ಸ್ಥಿತಿ ನೋಡಬೇಕೆಂದಾಗ ಮತ್ತೊಂದು ತಡೆ ಎದುರಾಗುತ್ತದೆ. ಸಣ್ಣ ವರ್ಕ್‌ಶಾಪ್‌ನ ಬ್ರಾಡ್‌ಬ್ಯಾಂಡ್ ರೌಟರ್ ಒಳಗಿನ ಎಲ್ಲ ಸಾಧನಗಳನ್ನೂ ಒಂದೇ ಹೊರವಿಳಾಸದ ಹಿಂದೆ ಇಡುತ್ತದೆ. ಸೇವಾದಾರರೂ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿರಬಹುದು. ಹೊರಗಿನಿಂದ ಬಂದ ಸಿನ್ ಪ್ಯಾಕೆಟ್ ಕಾಯುವ ಸಾಕೆಟ್‌ನವರೆಗೆ ತಲುಪುವುದೇ ಇಲ್ಲ. ರೌಟರ್‌ನಲ್ಲಿ ಪೋರ್ಟ್ ತೆರೆದು 502ನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡುವುದು ಅಪಾಯಕಾರಿ ಮಾರ್ಗ, ಏಕೆಂದರೆ ಮೂಲ ಮೋಡ್‌ಬಸ್‌ನಲ್ಲಿ ಗುರುತು ಪರಿಶೀಲನೆಯೇ ಇಲ್ಲ. ಸಂಪರ್ಕಿಸಿದ ಯಾರೇ ಆದರೂ ಯಂತ್ರದ ಮೌಲ್ಯಗಳನ್ನು ಬದಲಿಸಬಲ್ಲರು. ವಿಪಿಎನ್ ಬಳಸುವುದು ಸುರಕ್ಷಿತ. ಕಾರ್ಖಾನೆಯೊಳಗಿನ ಸಣ್ಣ ಕಂಪ್ಯೂಟರ್ ತಾನೇ ಹೊರಗಿನ ಎಂಕ್ಯೂಟಿಟಿ ಬ್ರೋಕರ್ ಎಂಬ ಮಧ್ಯವರ್ತಿ ಸರ್ವರ್‌ಗೆ ಗೂಢಲಿಪೀಕೃತ ಸಂಪರ್ಕ ಮಾಡಿ ಮಾಹಿತಿ ಕಳಿಸುವ ಏರ್ಪಾಟೂ ಸುರಕ್ಷಿತವೇ. ಎರಡನೆಯದರಲ್ಲಿ ಕಾರ್ಖಾನೆ ಹೊರಗಿನಿಂದ ಯಾವ ಸಂಪರ್ಕವನ್ನೂ ಸ್ವೀಕರಿಸುವುದಿಲ್ಲ. ಸ್ವೀಕಾರದ ಹೊಣೆ ಬ್ರೋಕರ್‌ಗೆ ವರ್ಗವಾಗುತ್ತದೆ.

ಬೃಹತ್ ಪ್ರಮಾಣದಲ್ಲಿ: ಆಧಾರ್‌ನ ನಿದರ್ಶನ

2009ರ ಜನವರಿಯಲ್ಲಿ ಸ್ಥಾಪನೆಯಾದ, ಆಧಾರ್ ನಡೆಸುವ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಉತ್ತರ ಬೆಂಗಳೂರಿನ ಕೊಡಿಗೆಹಳ್ಳಿ ಬಳಿಯಲ್ಲಿದೆ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟಾಗ ಅಲ್ಲಿನ ಸಾಧನ ಪ್ರಾಧಿಕಾರದ ಕೇಂದ್ರ ಭಂಡಾರವನ್ನು ನೇರವಾಗಿ ಸಂಪರ್ಕಿಸುವುದಿಲ್ಲ. ಕೋರಿಕೆ ಮೊದಲು ದೃಢೀಕರಣ ಬಳಕೆದಾರ ಸಂಸ್ಥೆಗೆ, ಅಲ್ಲಿಂದ ದೃಢೀಕರಣ ಸೇವಾ ಸಂಸ್ಥೆಗೆ, ಅಲ್ಲಿಂದ ಸುರಕ್ಷಿತ ಗುತ್ತಿಗೆ ತಂತಿಯ ಮೂಲಕ ಕೇಂದ್ರ ಭಂಡಾರಕ್ಕೆ ಹೋಗುತ್ತದೆ. ದೇಶದಾದ್ಯಂತ ಅಸಂಖ್ಯ ಸಾಧನಗಳಿದ್ದರೂ ಭಂಡಾರದ ಹೊಸ್ತಿಲಲ್ಲಿ ನಿಲ್ಲುವವರು ಪರವಾನಗಿ ಪಡೆದ ಕೆಲವೇ ಸಂಸ್ಥೆಗಳು. ಸಂಪರ್ಕ ಸ್ವೀಕರಿಸುವ ಸಾಮರ್ಥ್ಯ ಹೆಚ್ಚಿಸುವುದರಷ್ಟೇ, ಯಾರಿಂದ ಸ್ವೀಕರಿಸಬೇಕು ಎಂಬುದನ್ನು ಸೀಮಿತಗೊಳಿಸುವುದೂ ದೊಡ್ಡ ವ್ಯವಸ್ಥೆಗಳ ಮುಖ್ಯ ನಿರ್ಧಾರ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

ಭದ್ರತೆ

ಕಾಯುವ ಸಾಕೆಟ್ ಎಂದರೆ ಅಪರಿಚಿತರಿಗೂ ತೆರೆದ ಬಾಗಿಲು. ಕ್ಲೈಂಟ್ ಯಾರೆಂದು ತಿಳಿಯುವ ಮೊದಲೇ ಕರ್ನಲ್ ಅದಕ್ಕಾಗಿ ನೆನಪು ವ್ಯಯಿಸುತ್ತದೆ. ಸಿನ್ ಪ್ರವಾಹ ದಾಳಿ ಈ ದೌರ್ಬಲ್ಯವನ್ನೇ ಬಳಸುತ್ತದೆ. ಸುಳ್ಳು ವಿಳಾಸಗಳಿಂದ ಸಿನ್ ಪ್ಯಾಕೆಟ್‌ಗಳನ್ನು ಸುರಿದು, ಕೊನೆಯ ಆಕ್ ಕಳಿಸದೆ, ಸಿನ್ ಸರದಿಯನ್ನು ತುಂಬಿಬಿಡುವುದು ಇದರ ರೀತಿ. 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸೇವಾ ಸಂಸ್ಥೆ ಇದಕ್ಕೆ ತುತ್ತಾದಾಗ ಸಮಸ್ಯೆ ಜಗತ್ತಿನ ಗಮನ ಸೆಳೆಯಿತು. ಅದೇ ವರ್ಷ ಡಿ. ಜೆ. ಬರ್ನ್‌ಸ್ಟೈನ್ ಅವರು ಸಿನ್ ಕುಕಿ ಎಂಬ ಪರಿಹಾರ ಸೂಚಿಸಿದರು. ಅರ್ಧ ಸಂಪರ್ಕದ ವಿವರವನ್ನು ತನ್ನಲ್ಲಿ ಇಟ್ಟುಕೊಳ್ಳುವ ಬದಲು, ಸಿನ್-ಆಕ್‌ನ ಅನುಕ್ರಮ ಸಂಖ್ಯೆಯೊಳಗೇ ಅದನ್ನು ಗುಟ್ಟಾಗಿ ಅಡಗಿಸಿ ಕಳಿಸುವುದು ಇದರ ತಂತ್ರ. ನಿಜವಾದ ಕ್ಲೈಂಟ್ ಆದರೆ ಅದೇ ಸಂಖ್ಯೆಗೆ ಒಂದು ಕೂಡಿಸಿ ಆಕ್‌ನಲ್ಲಿ ಹಿಂದಿರುಗಿಸುತ್ತದೆ. ಆಗ ಮಾತ್ರ ನೆನಪು ವ್ಯಯವಾಗುತ್ತದೆ.

ಪೂರ್ಣ ಸಂಪರ್ಕ ಮಾಡಿಕೊಂಡು ಏನನ್ನೂ ಕಳಿಸದೆ, ಅಥವಾ ಹನಿಹನಿಯಾಗಿ ಕಳಿಸುತ್ತ ಕುಳಿತುಕೊಳ್ಳುವ ದಾಳಿಗೆ ಸಿನ್ ಕುಕಿ ಮದ್ದಲ್ಲ. ಸ್ವೀಕರಿಸಿದ ಪ್ರತಿ ಸಂಪರ್ಕಕ್ಕೂ ಕಾಲಮಿತಿ, ಒಂದೇ ವಿಳಾಸದಿಂದ ಬರುವ ಸಂಪರ್ಕಗಳಿಗೆ ಸಂಖ್ಯಾಮಿತಿ, ಈ ಎರಡೂ ಇಲ್ಲಿ ಅಗತ್ಯ. ಲಿನಕ್ಸ್‌ನ ಡಿಫರ್-ಅಕ್ಸೆಪ್ಟ್ ಆಯ್ಕೆ, ದತ್ತಾಂಶ ಬಂದ ಮೇಲಷ್ಟೇ ಸಂಪರ್ಕವನ್ನು ಪ್ರೋಗ್ರಾಂಗೆ ಒಪ್ಪಿಸುವ ಮೂಲಕ ಸ್ವಲ್ಪ ನೆರವಾಗುತ್ತದೆ. ಅಕ್ಸೆಪ್ಟ್ ಕೊಡುವ ಐಪಿ ವಿಳಾಸ ಗುರುತಿನ ಚೀಟಿಯಲ್ಲ ಎಂಬುದೂ ನೆನಪಿರಬೇಕು. ಒಂದೇ ವಿಳಾಸದ ಹಿಂದೆ ನೂರಾರು ಜನ ಇರಬಹುದು. ಯಾರು ಬಂದಿದ್ದಾರೆ ಎಂಬ ನಿಶ್ಚಯಕ್ಕೆ ಟಿಎಲ್‌ಎಸ್ ಪ್ರಮಾಣಪತ್ರದಂಥ ವ್ಯವಸ್ಥೆ ಬೇಕು.

ಅಕ್ಸೆಪ್ಟ್ ಇಲ್ಲದ ನಿಯಮಾವಳಿಗಳು

ಯುಡಿಪಿಯಲ್ಲಿ ಸಂಪರ್ಕ ಎಂಬುದೇ ಇಲ್ಲದ್ದರಿಂದ ಲಿಸನ್, ಅಕ್ಸೆಪ್ಟ್‌ಗಳೂ ಇಲ್ಲ. ಒಂದೇ ಸಾಕೆಟ್‌ಗೆ ಎಲ್ಲರ ಪ್ಯಾಕೆಟ್‌ಗಳೂ ಬರುತ್ತವೆ. ಕಳಿಸಿದವರ ವಿಳಾಸ ನೋಡಿ ಬೇರ್ಪಡಿಸುವುದು ಪ್ರೋಗ್ರಾಂನ ಕೆಲಸ. 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಆಗಿ ಮಾನಕಗೊಂಡ ಕ್ವಿಕ್ ಎಂಬ ನಿಯಮಾವಳಿ ಯುಡಿಪಿಯ ಮೇಲೆ ನಡೆಯುತ್ತದೆ. ಅದರಲ್ಲಿ ಹ್ಯಾಂಡ್‌ಶೇಕ್, ಸರದಿ, ಸ್ವೀಕಾರ ಮೂರೂ ಸಾಮಾನ್ಯವಾಗಿ ಕರ್ನಲ್‌ನಿಂದ ಹೊರಬಂದು ಪ್ರೋಗ್ರಾಂನ ಲೈಬ್ರರಿಯಲ್ಲಿ ನೆಲೆಗೊಂಡಿವೆ. ಒಂದೇ ಕಂಪ್ಯೂಟರಿನ ಪ್ರೋಗ್ರಾಂಗಳ ನಡುವೆ ಬಳಸುವ ಯುನಿಕ್ಸ್ ಡೊಮೇನ್ ಸಾಕೆಟ್‌ಗಳಲ್ಲಿ ಅಕ್ಸೆಪ್ಟ್ ಎಂದಿನಂತೆ ಇದೆ, ಐಪಿ ವಿಳಾಸದ ಬದಲು ಫೈಲಿನ ಹಾದಿ ಇರುತ್ತದೆ.

1983ರ ನಂತರ ಪ್ರೊಸೆಸರ್‌ಗಳು, ಜಾಲದ ವೇಗ, ಪ್ರೋಗ್ರಾಮಿಂಗ್ ಭಾಷೆಗಳು ಎಲ್ಲವೂ ಗುರುತು ಸಿಗದಷ್ಟು ಬದಲಾದರೂ ಟಿಸಿಪಿ ಸರ್ವರ್‌ನ ಚೌಕಟ್ಟು ಬದಲಾಗಿಲ್ಲ. ಸರದಿಯನ್ನು ಬೇಗ ಖಾಲಿ ಮಾಡುವ, ತಾತ್ಕಾಲಿಕ ದೋಷಕ್ಕೆ ಕುಸಿಯದ, ಮುಗಿದ ಸಂಪರ್ಕವನ್ನು ಮುಚ್ಚುವ, ಅಗತ್ಯವಿದ್ದ ವಿಳಾಸದಲ್ಲಿ ಮಾತ್ರ ಕಾಯುವ ಸರ್ವರ್, ದತ್ತಾಂಶ ಕೇಂದ್ರದಲ್ಲಿದ್ದರೂ ಸಣ್ಣ ಕಾರ್ಖಾನೆಯ ಪಿಎಲ್‌ಸಿಯಲ್ಲಿದ್ದರೂ ವಿಶ್ವಾಸಾರ್ಹವಾಗಿ ನಡೆಯುತ್ತದೆ.